ಕೊಲಂಬಸ್ ಅರ್ಧಕ್ಕೇ ಯಾಕೆ ನಿಲ್ಲುತ್ತದೆ? ಕಲಬುರಗಿ ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ,

ಶರಣಾರ್ಥಿಗಳು.

ರಸ್ತೆ, ಕುಡಿಯುವ ನೀರು, ತೊಗರಿ ಬೆಲೆ, ಬೆಳೆ ವಿಮೆ. ತಮ್ಮ ಕಚೇರಿಗೆ ದಿನವೂ ಬರುವ ಅರ್ಜಿಗಳು ಇವೇ ಇರುತ್ತವೆ. ಈ ಪತ್ರ ಜಾತ್ರೆ, ಪಾರ್ಕುಗಳ ರೈಡ್‌ಗಳ ಬಗ್ಗೆ: ಜೋಕಾಲಿ, ತೊಟ್ಟಿಲು ಅಂದರೆ ಜಾಯಿಂಟ್ ವ್ಹೀಲ್, ಕೊಲಂಬಸ್ ಅನ್ನುವ ತೂಗಾಡುವ ಹಡಗು, ಡ್ಯಾಶಿಂಗ್ ಕಾರು. ಇದಕ್ಕೂ ಒಂದು ಪತ್ರ ಬೇಕಿತ್ತಾ ಅಂತ ಅನಿಸಬಹುದು. ಬೇಕಿತ್ತು. ಯಾಕೆ ಅನ್ನುವುದನ್ನು ಹೇಳುತ್ತೇನೆ.

ನಾನು ಸೇಡಂ ಕಡೆ ಒಂದು ಸಿಮೆಂಟ್ ಕಾರ್ಖಾನೆಯ ಮೆಂಟೆನೆನ್ಸ್ ವಿಭಾಗದಲ್ಲಿ ಕೆಲಸ ಮಾಡುವವನು. ರಜೆ ಸಿಕ್ಕರೆ ರೈಡ್ ಹತ್ತುವವನು. ನನ್ನಂಥ ಹುಚ್ಚರು ಈ ಜಿಲ್ಲೆಯಲ್ಲಿ ಇನ್ನೂ ಇದ್ದಾರೆ. ಶಾಲೆಯ ಮೇಷ್ಟ್ರು ಇದ್ದಾರೆ, ಮೊಬೈಲ್ ಅಂಗಡಿಯವರಿದ್ದಾರೆ, ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರಿದ್ದಾರೆ. ಶರಣಬಸವೇಶ್ವರ ಜಾತ್ರೆಯಲ್ಲಿ ತೇರಿಗೆ ಉತ್ತತ್ತಿ ಎಸೆದ ಮೇಲೆ ನಮ್ಮ ಕಾಲು ತಾನಾಗಿಯೇ ತೊಟ್ಟಿಲಿನ ಕಡೆ ಹೋಗುತ್ತದೆ. ಖಾಜಾ ಬಂದೇನವಾಜರ ಉರುಸಿನಲ್ಲೂ ಅಷ್ಟೇ. ಹೈದರಾಬಾದಿಗೆ ಮದುವೆಗೆ ಹೋದರೂ ಒಂದು ದಿನ ಉಳಿಸಿಕೊಂಡು ರಾವಿರ್ಯಾಲದ ವಂಡರ್‌ಲಾ ಪಾರ್ಕಿಗೆ ಹೋಗಿ ಬರುತ್ತೇವೆ. ಮನೆಯವರು ಬೈಯುತ್ತಾರೆ. ಬೈಯಲಿ.

ನಮ್ಮ ಕಡೆಯೇ ಒಂದು ಪಾರ್ಕ್ ಇದೆ. ಅದರ ಹೆಸರು ಬರೆಯುವುದಿಲ್ಲ. ಬರೆದರೆ ಅದೊಂದಕ್ಕೆ ನೋಟಿಸ್ ಹೋಗುತ್ತದೆ, ಫೈಲು ಮುಚ್ಚುತ್ತದೆ, ವಿಷಯ ಅಲ್ಲಿಗೇ ಮುಗಿಯುತ್ತದೆ. ನಮ್ಮ ಮಾತು ಅದೊಂದಕ್ಕೆ ಸೇರಿದ್ದಲ್ಲ. ಅದು ಶುರುವಾದಾಗ ನಮಗೆ ಹಬ್ಬವೇ ಆಗಿತ್ತು. ಬೆಂಗಳೂರು, ಹೈದರಾಬಾದ್ ಅಂತ ಓಡುವುದು ತಪ್ಪಿತು ಅಂದುಕೊಂಡೆವು. ಈಗ ಅಲ್ಲಿಗೆ ಹೋಗಿ ಬಂದರೆ ಜಗಳ ಆಡಿ ಬಂದ ಹಾಗೆ ಮನಸ್ಸು ಕೆಡುತ್ತದೆ.

ಕೊಲಂಬಸ್‌ನಿಂದಲೇ ಹೇಳುತ್ತೇನೆ. ಈ ತೂಗಾಡುವ ಹಡಗಿನ ಹೊಟ್ಟೆಯ ಕೆಳಗೆ ರಬ್ಬರ್ ಟೈರ್ ಇರುತ್ತದೆ. ಮೋಟಾರು ಟೈರನ್ನು ತಿರುಗಿಸುತ್ತದೆ. ಟೈರು ಹಡಗಿನ ತಳಕ್ಕೆ ಒತ್ತಿಕೊಂಡು ಅದನ್ನು ತಳ್ಳುತ್ತದೆ. ಒಂದು ಸಲ ಆ ಕಡೆ, ಒಂದು ಸಲ ಈ ಕಡೆ. ತಳ್ಳಿ ತಳ್ಳಿ ಹಡಗು ಮೇಲೇರುತ್ತದೆ. ಕೊನೆಗೆ ನಿಲ್ಲಿಸುವುದೂ ಅದೇ ಟೈರು. ಅದು ಸವೆದರೆ, ಗಾಳಿ ಕಮ್ಮಿಯಾದರೆ, ಅದಕ್ಕೆ ಎಣ್ಣೆ ತಾಗಿದರೆ ಹಿಡಿತ ಸಿಗುವುದಿಲ್ಲ. ಆಗ ಹಡಗು ಅರ್ಧ ಎತ್ತರಕ್ಕೇ ಹೋಗಿ ವಾಪಸ್ ಬರುತ್ತದೆ. ಹಿಂದಿನ ಸಾಲಿನಲ್ಲಿ ಕೂತವರಿಗೆ ಹೊಟ್ಟೆಯಲ್ಲಿ ಝುಮ್ ಅನ್ನುವ ಆ ಗಳಿಗೆ ಬರುವುದೇ ಇಲ್ಲ. ಜನ "ಈ ಸಲ ಮಜಾ ಇಲ್ಲಪ್ಪ" ಅಂತ ಇಳಿದು ಭಜಿ ತಿನ್ನಲು ಹೋಗುತ್ತಾರೆ. ನಮಗೆ ಬೇರೆಯೇ ಚಿಂತೆ. ಹಡಗನ್ನು ಮೇಲೇರಿಸಲು ಹಿಡಿತ ಸಾಲದ ಟೈರಿಗೆ ನಿಲ್ಲಿಸುವಾಗ ಹಿಡಿತ ಎಲ್ಲಿಂದ ಬರುತ್ತದೆ?

ಈ ಪತ್ರದಲ್ಲಿ ನಾನು ಹೇಳಬೇಕಾದ್ದು ಇದೇ. ಮಜಾ ಕಮ್ಮಿಯಾಗುವುದು ಮತ್ತು ಸುರಕ್ಷತೆ ಕಮ್ಮಿಯಾಗುವುದು ಬೇರೆ ಬೇರೆ ಅಲ್ಲ. ರೈಡ್ ಮೊದಲು ಸಪ್ಪೆಯಾಗುತ್ತದೆ, ಆಮೇಲೆ ಸದ್ದು ಮಾಡುತ್ತದೆ, ಆಮೇಲೆ ಮುರಿಯುತ್ತದೆ. ಮೊದಲನೆಯದನ್ನು ಗಮನಿಸುವುದು ನಾವು, ಪದೇ ಪದೇ ಹತ್ತುವವರು. ನಮ್ಮ ದೂರನ್ನು ಟಿಕೆಟ್ ಕೌಂಟರಿನಲ್ಲಿ ಯಾರೂ ಬರೆದುಕೊಳ್ಳುವುದಿಲ್ಲ. ಮಜಾ ಬರಲಿಲ್ಲ ಅಂದರೆ ಅದೂ ಒಂದು ದೂರಾ ಅಂತ ನಗುತ್ತಾರೆ.

ಡ್ಯಾಶಿಂಗ್ ಕಾರುಗಳ ಕಥೆಯೂ ಹೆಚ್ಚು ಬೇರೆ ಅಲ್ಲ. ಕಾರಿನ ಹಿಂದಿನ ಉದ್ದ ಕಂಬಿ ಮೇಲಿನ ಜಾಲರಿಯಿಂದ ಕರೆಂಟ್ ತೆಗೆದುಕೊಳ್ಳುತ್ತದೆ, ಕೆಳಗಿನ ಕಬ್ಬಿಣದ ನೆಲ ಅದನ್ನು ವಾಪಸ್ ಒಯ್ಯುತ್ತದೆ. ಜಾಲರಿಗೆ ತುಕ್ಕು ಹಿಡಿದು, ನೆಲಕ್ಕೆ ದೂಳು ಕೂತರೆ ಕಾರು ನಡುವೆಯೇ ನಿಲ್ಲುತ್ತದೆ. ನೋಡಿಕೊಳ್ಳುವ ಹುಡುಗ ಓಡುತ್ತಿರುವ ಕಾರುಗಳ ನಡುವೆ ನುಗ್ಗಿ ಬಂದು, ನಿಂತ ಕಾರನ್ನು ಕೈಯಿಂದ ತಳ್ಳುತ್ತಾನೆ. ಕರೆಂಟ್ ಬಂದ್ ಮಾಡುವುದಿಲ್ಲ. ಬಂದ್ ಮಾಡಿದರೆ ಉಳಿದವರ ಟಿಕೆಟ್ ಸಮಯ ಹಾಳಾಗುತ್ತದಲ್ಲ! ನಮ್ಮ ಕಾರ್ಖಾನೆಯಲ್ಲಿ ಓಡುವ ಕನ್ವೇಯರ್ ಹತ್ತಿರ ಯಾರಾದರೂ ಹೀಗೆ ಕೈ ಹಾಕಿದರೆ ಅವತ್ತೇ ಗೇಟಿನ ಹೊರಗೆ.

ಬ್ರೇಕ್ ಡ್ಯಾನ್ಸ್ ಅನ್ನುವ ರೈಡ್ ತಿರುಗುವಾಗ ಬೇರಿಂಗ್ ಸದ್ದು ಕೇಳುತ್ತದೆ, ಗಿರಣಿಯಲ್ಲಿ ಜೋಳದ ಜೊತೆ ಕಲ್ಲು ಸಿಕ್ಕ ಹಾಗೆ. ಸದ್ದು ಮುಚ್ಚಲು ಹಾಡಿನ ಧ್ವನಿ ಜಾಸ್ತಿ ಮಾಡಿದ್ದಾರೆ. ಇನ್ನೊಂದು ರೈಡಿನಲ್ಲಿ ತೊಡೆಯ ಮೇಲೆ ಕೂರುವ ಲಾಕ್ ಕಂಬಿ ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೆ ನೈಲಾನ್ ಹಗ್ಗ ಕಟ್ಟಿದ್ದಾರೆ. ಹಗ್ಗ ನೋಡಿ ಕೇಳಿದರೆ ಬಟನ್ ಒತ್ತುವ ಹುಡುಗ, "ಏನೂ ಆಗಲ್ರಿ ಅಣ್ಣಾ, ದಿನಾ ಹಿಂಗೇ ನಡೀತದ, ಕುಂದರ್ರಿ" ಅಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಮೀಸೆ ಕೂಡ ಸರಿಯಾಗಿ ಮೂಡಿರಲಿಲ್ಲ. ಅವನಿಗೆ ಏನು ಕಲಿಸಿದ್ದಾರೋ ಅದನ್ನೇ ಅವನು ಹೇಳುತ್ತಾನೆ, ಅಲ್ವಾ?

ಇಷ್ಟರ ಮಧ್ಯೆ ಪಾರ್ಕಿಗೆ ಹೊಸದಾಗಿ ಏನೂ ಬಂದಿಲ್ಲ ಅನ್ನುವ ಹಾಗಿಲ್ಲ. ಸೆಲ್ಫಿ ಪಾಯಿಂಟ್ ಬಂದಿದೆ. ರಾತ್ರಿ ಬಣ್ಣ ಬಣ್ಣದ ಲೈಟು ಉರಿಯುತ್ತದೆ. ಅದಕ್ಕೆ ಬೇರಿಂಗ್ ಇಲ್ಲ, ಗ್ರೀಸ್ ಬೇಕಿಲ್ಲ. ರೈಡ್‌ಗಳಿಗೂ ವರ್ಷಕ್ಕೊಮ್ಮೆ ಬಣ್ಣ ಬಳಿಯುತ್ತಾರೆ. ನಮಗೆ ಆ ಬಣ್ಣ ಕಂಡರೇ ಹೆದರಿಕೆ. ವೆಲ್ಡಿಂಗ್ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೆ ಬಣ್ಣದ ಕೆಳಗೆ ಅದು ಕಾಣುವುದಿಲ್ಲ. ಅದಕ್ಕೆ ಡೈ ಪೆನೆಟ್ರೆಂಟ್ ಅನ್ನುವ ಪರೀಕ್ಷೆ ಇದೆ. ಬಣ್ಣ ಕೆರೆದು, ಜಾಗ ಒರೆಸಿ, ಕೆಂಪು ದ್ರವ ಹಚ್ಚಿ ಸ್ವಲ್ಪ ಹೊತ್ತು ಬಿಡಬೇಕು. ಮೇಲಿನದನ್ನು ಒರೆಸಿ ಬಿಳಿ ಪುಡಿ ಸಿಂಪಡಿಸಿದರೆ ಬಿರುಕಿನ ಒಳಗೆ ಇಳಿದ ಕೆಂಪು ಹೊರಗೆ ಬಂದು ಗೆರೆಯಾಗಿ ಕಾಣುತ್ತದೆ. ಮೂರು ಡಬ್ಬಿ ಮತ್ತು ತಿಳಿದ ಒಬ್ಬ ಮನುಷ್ಯ ಇದ್ದರೆ ಆಗುವ ಕೆಲಸ. ವಾಡಿ, ಸೇಡಂ, ಶಹಾಬಾದ್ ಕಡೆ ಇದನ್ನು ಮಾಡಬಲ್ಲವರು ಬೇಕಾದಷ್ಟು ಇದ್ದಾರೆ. ರೈಡ್‌ಗಳಿಗೆ ಅದನ್ನು ಮಾಡಿಸಿದ್ದಾರಾ ಅಂತ ಕೇಳಿದರೆ ಮಾತ್ರ ಉತ್ತರ ಸಿಗುವುದಿಲ್ಲ.

ನಮ್ಮ ಕಡೆಯ ಹವೆಯೂ ಯಂತ್ರಗಳಿಗೆ ಕಷ್ಟದ್ದೇ. ಮೇ ತಿಂಗಳಲ್ಲಿ ಬಿಸಿಲು 43, 44 ಡಿಗ್ರಿ ಮುಟ್ಟುತ್ತದೆ. ಗ್ರೀಸ್ ತೆಳುವಾಗಿ ಸೋರುತ್ತದೆ. ರಬ್ಬರ್ ಬಿರಿಯುತ್ತದೆ. ನೀರಿನ ಜಾರುಬಂಡಿಯ ಫೈಬರ್ ಮೇಲಿನ ನುಣುಪು ಪದರ ಎದ್ದು, ಒಳಗಿನ ಗಾಜಿನ ನೂಲು ಮೈಗೆ ಗೀರುತ್ತದೆ. ಗಡಸು ನೀರಿನ ಸುಣ್ಣ ಪೈಪಿನಲ್ಲಿ ಕಟ್ಟಿಕೊಂಡು ನೀರು ಸಣ್ಣಗೆ ಬರುತ್ತದೆ. ಮೇಲಿಂದ ಹೊರಟ ಮಕ್ಕಳು ನಡುವೆ ಸಿಕ್ಕಿಕೊಂಡು ಕೈಯಿಂದ ತಳ್ಳಿಕೊಂಡು ಇಳಿಯುತ್ತಾರೆ. ಹಾಗಾಗಿ ಬೇರೆ ಊರಿನಲ್ಲಿ ಮಾಡಿದ ಮೆಂಟೆನೆನ್ಸ್ ವೇಳಾಪಟ್ಟಿ ಇಲ್ಲಿಗೆ ಸಾಲುವುದಿಲ್ಲ. ಇಲ್ಲಿ ಜಾಸ್ತಿ ಸಲ ನೋಡಬೇಕು. ನಡೆಯುತ್ತಿರುವುದು ಉಲ್ಟಾ.

ಜಾತ್ರೆಯ ತೊಟ್ಟಿಲಿಗಂತೂ ಇನ್ನೊಂದು ತೊಂದರೆ ಇದೆ, ನಮ್ಮ ಮಣ್ಣು. ಎರೆಮಣ್ಣು ಬಿಸಿಲಿಗೆ ಬಿರಿಯುತ್ತದೆ, ನೀರು ಕುಡಿದರೆ ಉಬ್ಬುತ್ತದೆ. ಅಂಥ ನೆಲದ ಮೇಲೆ ಮರದ ದಿಮ್ಮಿ ಇಟ್ಟು ಜಾಯಿಂಟ್ ವ್ಹೀಲ್ ನಿಲ್ಲಿಸುತ್ತಾರೆ. ನಡುವೆ ಒಂದು ಅಕಾಲಿಕ ಮಳೆ ಬಿದ್ದರೆ ಒಂದು ಕಾಲು ಇಳಿಯುತ್ತದೆ, ಇನ್ನೊಂದು ಇಳಿಯುವುದಿಲ್ಲ. ಮಳೆ ಬಂದ ಮರುದಿನ ಲೆವೆಲ್ ಪಟ್ಟಿ ಹಿಡಿದು ನೋಡಿದವರನ್ನು ನಾನಂತೂ ಕಂಡಿಲ್ಲ.

ಬೇರೆ ಕಡೆ ಏನಾಗಿದೆ ಅನ್ನುವುದು ತಮಗೆ ಗೊತ್ತೇ ಇದೆ. 2019ರ ಜುಲೈನಲ್ಲಿ ಅಹಮದಾಬಾದಿನ ಕಾಂಕರಿಯಾ ಕೆರೆಯ ಹತ್ತಿರ ಲೋಲಕದ ಹಾಗೆ ತೂಗುವ ರೈಡ್ ಮುರಿದು ಬಿತ್ತು. ಇಬ್ಬರು ಸತ್ತರು, ಇಪ್ಪತ್ತಕ್ಕೂ ಹೆಚ್ಚು ಜನರಿಗೆ ಗಾಯವಾಯಿತು. 2022ರ ಸೆಪ್ಟೆಂಬರಿನಲ್ಲಿ ಮೊಹಾಲಿಯ ಮೇಳದಲ್ಲಿ ಟವರ್ ರೈಡ್ ಸುಮಾರು 50 ಅಡಿ ಮೇಲಿಂದ ಬಿತ್ತು. ಆ ವಿಡಿಯೊ ಇಡೀ ದೇಶ ನೋಡಿತು. 2025ರ ಮೇನಲ್ಲಿ ಚೆನ್ನೈನ ಪಾರ್ಕೊಂದರಲ್ಲಿ ಮೂವತ್ತಕ್ಕೂ ಹೆಚ್ಚು ಜನ ಎತ್ತರದಲ್ಲಿ ಗಂಟೆಗಟ್ಟಲೆ ಸಿಕ್ಕಿಕೊಂಡರು. ಅಗ್ನಿಶಾಮಕದವರು ಏಣಿ ತಂದು ಇಳಿಸಬೇಕಾಯಿತು. 2024ರ ಮೇನಲ್ಲಿ ರಾಜಕೋಟದ ಗೇಮ್ ಜೋನ್ ಬೆಂಕಿಯಲ್ಲಿ ಮಕ್ಕಳೂ ಸೇರಿ 27 ಜನ ಹೋದರು. ಅದು ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರವೇ ಇಲ್ಲದೆ ನಡೆಯುತ್ತಿತ್ತು.

ಇಂಥದ್ದು ಆದಾಗ ಎಲ್ಲ ಕಡೆ ಮಾಡುವುದು ಒಂದೇ. ಮರುದಿನ ಎಲ್ಲವನ್ನೂ ಬಂದ್ ಮಾಡುತ್ತಾರೆ. ಕೆಲವು ತಿಂಗಳ ನಂತರ ಎಲ್ಲವೂ ಮೊದಲಿನ ಹಾಗೇ ತೆರೆಯುತ್ತದೆ. ದಯವಿಟ್ಟು ನಮ್ಮ ಪತ್ರ ಓದಿ ಬಂದ್ ಮಾಡಿಸಬೇಡಿ. ಅದು ನಮಗೆ ಬೇಡ. ತೊಟ್ಟಿಲು ಇಲ್ಲದ ಜಾತ್ರೆ ಯಾರಿಗೆ ಬೇಕು? ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ (ಕೆಕೆಆರ್‌ಡಿಬಿ) ಹಣದಲ್ಲಿ ಹೊಸ ಪಾರ್ಕ್ ಕಟ್ಟಿಸಿ ಅಂತಲೂ ನಾವು ಕೇಳುತ್ತಿಲ್ಲ. ಆ ಹಣ ಶಾಲೆಗೆ, ಆಸ್ಪತ್ರೆಗೆ ಹೋಗಲಿ. ಇರುವುದನ್ನು ಸರಿಯಾಗಿ ಓಡಿಸಿದರೆ ಸಾಕು.

ಪಾರ್ಕ್ ನಡೆಸುವವರ ಕಷ್ಟವೂ ಇದೆ, ಅದನ್ನು ಇಲ್ಲ ಅನ್ನುವುದಿಲ್ಲ. ಬಿಡಿಭಾಗ ದೂರದಿಂದ ಬರಬೇಕು. ಮಳೆಗಾಲದಲ್ಲಿ ಜನ ಇಲ್ಲ. ಆದರೆ ಥೀಮ್ ಪಾರ್ಕುಗಳ ಮೇಲಿನ ಜಿಎಸ್‌ಟಿ 2018ರಲ್ಲಿ 28 ಪರ್ಸೆಂಟ್‌ನಿಂದ 18ಕ್ಕೆ ಇಳಿದಿದೆ. ಟಿಕೆಟ್ ದರ ಮಾತ್ರ ಏರುತ್ತಲೇ ಇದೆ. ಒಂದು ಟೈರಿಗೆ ಹಣ ಇಲ್ಲ ಅಂದರೆ ನಂಬುವುದು ಕಷ್ಟ.

ಕಾಗದದ ಮೇಲೆ ನೋಡಿದರೆ ನಿಯಮಕ್ಕೆ ಕೊರತೆ ಇಲ್ಲ. ರೈಡ್‌ಗಳ ಸುರಕ್ಷತೆಗೆ ಅಂತಲೇ ಭಾರತೀಯ ಮಾನಕ ಬ್ಯೂರೊದ ಐಎಸ್ 15475 ಇದೆ. ದಿನವೂ ಗೇಟ್ ತೆರೆಯುವ ಮೊದಲು ನಟ್ಟು, ಬೋಲ್ಟು, ಪಿನ್ನು, ಬೆಲ್ಟು ನೋಡುವುದು, ಖಾಲಿ ರೈಡ್ ಒಂದು ಸುತ್ತು ಓಡಿಸುವುದು, ಪುಸ್ತಕದಲ್ಲಿ ಬರೆದು ಸಹಿ ಹಾಕುವುದು, ಇವೆಲ್ಲ ಈ ಉದ್ಯಮದಲ್ಲಿ ಹೊಸ ಮಾತೇನಲ್ಲ. ತೊಂದರೆ ಇರುವುದು ಆ ಪುಸ್ತಕ ಯಾರ ಕಣ್ಣಿಗೂ ಬೀಳುವುದಿಲ್ಲ ಅನ್ನುವುದರಲ್ಲಿ. ಪರವಾನಗಿ ಕೊಡುವಾಗ ಒಮ್ಮೆ ಅಧಿಕಾರಿಗಳು ಬರುತ್ತಾರೆ. ಅವತ್ತು ಕೊಲಂಬಸ್ ಪೂರ್ತಿ ಮೇಲೇರುತ್ತದೆ. ಆಮೇಲಿನ ಹನ್ನೊಂದು ತಿಂಗಳನ್ನು ನೋಡುವವರು ಟಿಕೆಟ್ ಕೊಂಡವರು ಮಾತ್ರ.

ಹಾಗಾಗಿ ತಮ್ಮಲ್ಲಿ ಕೇಳುವುದು ದೊಡ್ಡದೇನಲ್ಲ. ಆ ಪುಸ್ತಕವನ್ನು ಹೊರಗೆ ತರಿಸಿ. ಪ್ರತಿ ರೈಡಿನ ಸಾಲು ನಿಲ್ಲುವ ಜಾಗದಲ್ಲಿ ಒಂದು ಬೋರ್ಡ್ ಇರಲಿ. ಇವತ್ತು ಬೆಳಗ್ಗೆ ಯಾರು ನೋಡಿದರು, ಎಷ್ಟು ಗಂಟೆಗೆ ಖಾಲಿ ಓಡಿಸಿದರು, ವೆಲ್ಡಿಂಗ್ ಬಿರುಕಿನ ಪರೀಕ್ಷೆ ಕೊನೆಗೆ ಯಾವಾಗ ಆಯಿತು, ಅದನ್ನು ಕನ್ನಡದಲ್ಲಿ, ಸಹಿ ಸಮೇತ ಬರೆದಿರಲಿ. ಬೋರ್ಡ್ ಖಾಲಿ ಇದ್ದರೆ ರೈಡ್ ಓಡಬಾರದು. ಜಾತ್ರೆ, ಉರುಸಿನ ತೊಟ್ಟಿಲುಗಳಿಗೂ ಇದೇ ಷರತ್ತನ್ನು ಪರವಾನಗಿಯಲ್ಲೇ ಸೇರಿಸಿ. ಬಟನ್ ಒತ್ತುವವನಿಗೆ 18 ತುಂಬಿರಲಿ, ಅವನಿಗೆ ತರಬೇತಿ ಆಗಿರಲಿ. ಯಾವ ರೈಡ್ ಕೆಟ್ಟಿದೆ ಅನ್ನುವುದನ್ನು ಟಿಕೆಟ್ ಕೊಡುವ ಮೊದಲೇ ಹೇಳಲಿ. ಒಳಗೆ ಹೋದ ಮೇಲೆ ಹಗ್ಗ ಕಟ್ಟಿ "ಬಂದ್" ಅಂತ ರಟ್ಟು ತೂಗುಹಾಕುವುದು ಮೋಸ. ಹಳ್ಳಿಯಿಂದ ಬಸ್ಸಿಗೆ ದುಡ್ಡು ಕೊಟ್ಟು ಬಂದವರು ಮಕ್ಕಳಿಗೆ ಏನು ಹೇಳಬೇಕು?

ಮತ್ತೆ, ಹೇಳದೆ ಕೇಳದೆ ಒಮ್ಮೆ ತಪಾಸಣೆ ಮಾಡಿಸಿ. ಬೇಸಿಗೆ ರಜೆಯ ನಡುವೆ, ಭಾನುವಾರ ಸಂಜೆ, ಜನ ತುಂಬಿರುವಾಗ ಆದರೆ ಒಳ್ಳೆಯದು. ತಂಡದಲ್ಲಿ ಕಂದಾಯದವರು, ಪೊಲೀಸರು ಮಾತ್ರ ಇದ್ದರೆ ಅವರಿಗೂ ಕಷ್ಟ, ಅವರಿಗೆ ಬೇರಿಂಗ್ ಸದ್ದು ಹೇಗೆ ತಿಳಿಯಬೇಕು? ಊರಲ್ಲೇ ಪಿಡಿಎ ಎಂಜಿನಿಯರಿಂಗ್ ಕಾಲೇಜು 1958ರಿಂದ ಇದೆ. ಮೆಕ್ಯಾನಿಕಲ್ ವಿಭಾಗದ ಮೇಷ್ಟ್ರುಗಳನ್ನು ಕರೆಯಿರಿ. ಕಾರ್ಖಾನೆಗಳಿಂದ ನಿವೃತ್ತರಾದ ಫಿಟರ್‌ಗಳು, ವೆಲ್ಡರ್‌ಗಳು ಮನೆಯಲ್ಲಿ ಸುಮ್ನೆ ಕೂತಿದ್ದಾರೆ. ಅವರ ಕಿವಿಗೆ ಸಿಗುವುದು ಯಾವ ಕಾಗದಕ್ಕೂ ಸಿಗುವುದಿಲ್ಲ.

ನಮ್ಮ ಗುಂಪಿನಲ್ಲಿ ಕೆಲವರು ಆ ಪಾರ್ಕಿಗೆ ಹೋಗುವುದನ್ನೇ ಬಿಟ್ಟಿದ್ದಾರೆ. ಇನ್ನು ಕೆಲವರು ಹೋಗುತ್ತಾರೆ, ಹತ್ತುವುದಿಲ್ಲ, ಮಕ್ಕಳನ್ನು ಮೆರಿ ಗೋ ರೌಂಡ್‌ನಲ್ಲಿ ಕೂರಿಸಿ ಹೊರಗೆ ನಿಲ್ಲುತ್ತಾರೆ. ನಾನು ಇನ್ನೂ ಹತ್ತುತ್ತೇನೆ, ಆದರೆ ಮೊದಲು ಬಗ್ಗಿ ಟೈರ್ ನೋಡುತ್ತೇನೆ. ಟಿಕೆಟ್ ಕೊಂಡವನು ಮಾಡಬೇಕಾದ ಕೆಲಸವಾ ಅದು?

ತಪಾಸಣೆಯ ದಿನ ನಮ್ಮ ಸಹಾಯ ಬೇಕಾದರೆ ಬರುತ್ತೇವೆ. ಡೈ ಪೆನೆಟ್ರೆಂಟ್ ಡಬ್ಬಿಗಳ ಖರ್ಚು ನಮ್ಮದೇ ಇರಲಿ, ಹಾಜರಿ ಭತ್ಯೆಯೂ ಬೇಡ. ಮುಂದಿನ ಶರಣಬಸವೇಶ್ವರ ಜಾತ್ರೆಯ ತೊಟ್ಟಿಲುಗಳಿಗೆ ಪರವಾನಗಿ ಕೊಡುವ ಮೊದಲು ಬೋರ್ಡಿನ ಆದೇಶವಾದರೂ ಹೊರಬೀಳಲಿ ಅಂತ ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಕಲಬುರಗಿ ಜಿಲ್ಲೆಯ ರೈಡ್ ಪ್ರಿಯರ ಪರವಾಗಿ, ಸೇಡಂನ ಒಬ್ಬ ಫಿಟರ್