ನಿನ್ನ ಚಿತ್ರಕಥೆ ಓದಿದೆ, ತಮ್ಮಾ

ಸಿಂಧನೂರು
ಜನವರಿ 2026

ಪ್ರೀತಿಯ ತಮ್ಮಾ,

ದೊಡ್ಡವ್ವನ ಆಶೀರ್ವಾದ. ನಾವೆಲ್ಲ ಇಲ್ಲಿ ಆರಾಮ ಇದ್ದೇವೆ. ಸಂಕ್ರಾಂತಿಗೆ ನಿನ್ನ ಅವ್ವ ಬಂದಿದ್ದಳು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ತಂದಿದ್ದಳು. ನಿನ್ನ ಪಾಲಿನದು ಎತ್ತಿಟ್ಟಿದ್ದೇನೆ.

ಊರಲ್ಲಿ ಈ ಸಲ ಎರಡನೇ ಬೆಳೆ ಇಲ್ಲ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತಲ್ಲ, ಈಗ 33 ಗೇಟುಗಳನ್ನೂ ಹೊಸದಾಗಿ ಕೂರಿಸುವ ಕೆಲಸ ಹಿಡಿದಿದ್ದಾರೆ. ಕಾಲುವೆಗೆ ನೀರಿಲ್ಲ, ಗದ್ದೆಗಳು ಖಾಲಿ. ರಾತ್ರಿ ಬಸ್ ಸ್ಟ್ಯಾಂಡಿನಲ್ಲಿ ಗಂಟುಮೂಟೆ ಇಟ್ಟುಕೊಂಡು ಕೂತ ಜನ ಜಾಸ್ತಿ ಕಾಣುತ್ತಾರೆ. ಇಂಥ ವರ್ಷದಲ್ಲಿ ನೀನು ದುಡಿಯಲು ಊರು ಬಿಟ್ಟು ಗುಳೆ ಹೋಗುವ ಒಂದು ಮನೆಯ ಮೇಲೆ ಕಿರುಚಿತ್ರ ಮಾಡ್ತೀನಿ ಅಂತ ಹೊರಟಿದ್ದೀ. ಅದಕ್ಕೆ ನನಗೆ ಎಷ್ಟು ಹೆಮ್ಮೆ ಆಗಿದೆ ಅಂತ ಮೊದಲು ಹೇಳಿಬಿಡುತ್ತೇನೆ.

ನೀನು ಫೋನಿನಲ್ಲಿ ಕಳಿಸಿದ ಚಿತ್ರಕಥೆಯನ್ನು ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಎರಡು ಸಲ ಓದಿದೆ. ಜೊತೆಗೆ ಕೇಳಿದ್ದೀ, "ದೊಡ್ಡವ್ವ, ಹೋದ ವರ್ಷ ನಿನಗೆ ಯಾವ ಸಿನಿಮಾ ಸೇರಿತು?" ಅಂತ. ಎರಡಕ್ಕೂ ಸೇರಿಸಿಯೇ ಉತ್ತರ ಬರೆಯುತ್ತೇನೆ. ಯಾಕಂದರೆ ಹೋದ ವರ್ಷ ನನಗೆ ಸೇರಿದ ಸಿನಿಮಾಗಳಲ್ಲಿ ಇರುವುದು, ಅಂದರೆ ಅವರವರ ಊರಿನ ಮಾತು, ನಿನ್ನ ಚಿತ್ರಕಥೆಯಲ್ಲಿ ಇಲ್ಲ.

ಮೊದಲು 'ಸು ಫ್ರಮ್ ಸೋ'. ಜುಲೈ ಕೊನೆಗೆ ಬಂತು. ಪಕ್ಕದ ಮನೆಯ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಹೆಸರು ಮಾಡಿದ ಹೀರೋ ಯಾರೂ ಇಲ್ಲ. ಜೆ.ಪಿ. ತುಮಿನಾಡು ಅವರೇ ಬರೆದು, ನಿರ್ದೇಶಿಸಿ, ಅಶೋಕನ ಪಾತ್ರವನ್ನೂ ಮಾಡಿದ್ದಾರೆ. ಅಶೋಕನ ಮೈಮೇಲೆ ಸೋಮೇಶ್ವರದ ಸುಲೋಚನಾ ಅನ್ನುವ ಹೆಂಗಸು ಬಂದಿದ್ದಾಳೆ ಅಂತ ಊರೆಲ್ಲ ನಂಬಿಬಿಡುತ್ತದೆ. ಕಥೆ ಇಷ್ಟೇ. ಅದು ಪೂರ್ತಿ ಕರಾವಳಿ ಕನ್ನಡ. ಕೆಲವು ಮಾತು ನನಗೆ ಮೊದಲ ಸಲಕ್ಕೆ ಅರ್ಥ ಆಗಲಿಲ್ಲ. ಆದರೂ ನಮ್ಮ ಸಾಲಿನವರೆಲ್ಲ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆವು. ಸಿಂಧನೂರಿನವರಿಗೆ ತಿಳಿಯಲಿ ಅಂತ ಅವರು ಒಂದು ಮಾತನ್ನೂ ಸಪ್ಪೆ ಮಾಡಿಲ್ಲ. ಅವರು ತಮ್ಮ ಊರಲ್ಲೇ ಕೂತಿದ್ದರು, ನಾವು ಅಲ್ಲಿಗೆ ಹೋದೆವು. ನಗು ಮುಗಿಯುವ ಹೊತ್ತಿಗೆ ಭಾನು ಅನ್ನುವ ಹೆಣ್ಣುಮಗಳ ಕಷ್ಟ ಎದೆಗೆ ಬಂದು ಕೂತಿತ್ತು. ಮನೆಗೆ ಬರುವ ದಾರಿಯಲ್ಲಿ ನಮ್ಮ ಹೆಣ್ಣುಮಕ್ಕಳು ಮಾತಾಡಿದ್ದು ಅವಳ ಬಗ್ಗೆಯೇ.

ಆ ಭಾನು ಯಾರು ಗೊತ್ತಾ? ಸಂಧ್ಯಾ ಅರಕೆರೆ. 2024ರಲ್ಲಿ ಬಂದ 'ಫೋಟೋ' ಸಿನಿಮಾದಲ್ಲಿ ನಮ್ಮ ರಾಯಚೂರು ಸೀಮೆಯ ತಾಯಿಯಾಗಿ ಮಾಡಿದ್ದರಲ್ಲ, ಅವರೇ. ಒಬ್ಬರೇ ಕಲಾವಿದೆ, ಒಮ್ಮೆ ನಮ್ಮ ಮಾತು, ಒಮ್ಮೆ ಕಡಲ ಕಡೆಯ ಮಾತು. ಎರಡರಲ್ಲೂ ಬಾಯಿಪಾಠ ಮಾಡಿದ ಹಾಗೆ ಅನ್ನಿಸಲಿಲ್ಲ. ನಿನ್ನ ಕಲಾವಿದರಿಗೆ ನಮ್ಮ ಮಾತು ಬರುವುದಿಲ್ಲ, ಅದಕ್ಕೇ ಬೆಂಗಳೂರಿನ ಮಾತಲ್ಲಿ ಬರೆದೆ ಅಂತ ಹೇಳಿದ್ದೀಯಲ್ಲ, ಅದಕ್ಕೆ ಇದನ್ನು ಬರೆದೆ. ಬರದಿದ್ದರೆ ಕಲಿಸು. ಒಂದು ತಿಂಗಳು ಕೂತು ಕಲಿಸು. ನಮ್ಮ ಮನೆಗೇ ಕರೆದುಕೊಂಡು ಬಾ, ನಾನು ರೊಟ್ಟಿ ಬಡಿದು ಹಾಕುತ್ತೇನೆ.

ಈಗ 'ಹೆಬ್ಬುಲಿ ಕಟ್'. ಹೋದ ವರ್ಷ ನನ್ನ ಮನಸ್ಸನ್ನು ಜಾಸ್ತಿ ಹಿಡಿದದ್ದು ಇದೇ. ಇದೂ ಜುಲೈನಲ್ಲೇ ಬಂತು. ನಾನು ನೋಡಿದಾಗ ಟಾಕೀಸಿನಲ್ಲಿ ಇಪ್ಪತ್ತು ಜನ ಇದ್ದೆವೋ ಇಲ್ಲವೋ. ಮೂರು ದಿನ ಬಿಟ್ಟು ನಿನ್ನ ದೊಡ್ಡಪ್ಪನನ್ನು ಕರೆದುಕೊಂಡು ಹೋದರೆ ಆ ಪೋಸ್ಟರ್ ತೆಗೆದು ಬೇರೆ ಸಿನಿಮಾ ಹಾಕಿದ್ದರು. ಹೀಗಾಗಿಯೇ ಹೇಳುತ್ತೇನೆ, ಸಣ್ಣ ಸಿನಿಮಾ ಬಂದರೆ ಶುಕ್ರವಾರವೇ ಹೋಗು. ಭಾನುವಾರ ನೋಡಿದರಾಯಿತು ಅಂತ ಕೂರಬೇಡ.

2017ರಲ್ಲಿ ಬಂದ ಸುದೀಪ್ ಅವರ 'ಹೆಬ್ಬುಲಿ' ನಿನಗೆ ನೆನಪಿರಬೇಕು. ಅದರಲ್ಲಿ ಅವರು ಮಾಡಿಸಿಕೊಂಡ ತಲೆಯ ಕಟಿಂಗ್ ಹುಡುಗರ ತಲೆಗೆ ಹೇಗೆ ಹತ್ತಿತ್ತು ಅಂದರೆ, ಕಟಿಂಗ್ ಅಂಗಡಿಯವರಿಗೆ 'ದಯವಿಟ್ಟು ನಮ್ಮ ಮಕ್ಕಳಿಗೆ ಹೀಗೆ ಕತ್ತರಿಸಬೇಡಿ' ಅಂತ ಶಾಲೆಯವರು ಪತ್ರ ಬರೆದದ್ದೂ ಉಂಟು. ಭೀಮರಾವ್ ಅವರ ಈ ಸಿನಿಮಾದಲ್ಲಿ ಒಬ್ಬ ಹುಡುಗನಿಗೆ ಅದೇ ಕಟಿಂಗ್ ಬೇಕು. ಆದರೆ ಅವನ ಜಾತಿಯವರು ಊರಿನ ಕಟಿಂಗ್ ಅಂಗಡಿಯ ಕುರ್ಚಿಯ ಮೇಲೆ ಕೂರುವ ಹಾಗಿಲ್ಲ. ಇಡೀ ಸಿನಿಮಾ ಆ ಒಂದು ಕುರ್ಚಿಯ ಸುತ್ತ ಇದೆ ಅಂತ ನನಗೆ ಅನ್ನಿಸಿತು.

ಇದನ್ನು ನೋಡಿ ಬಂದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾಕೆ ಅಂತ ನಿನಗೆ ಹೇಳುತ್ತೇನೆ. ನಾನು ಹಳ್ಳಿಯ ಶಾಲೆಯಲ್ಲಿದ್ದಾಗ ನಾಲ್ಕನೇ ತರಗತಿಯ ಒಬ್ಬ ಹುಡುಗ ಒಂದು ಸೋಮವಾರ ತಲೆ ಅಡ್ಡಾದಿಡ್ಡಿ ಕತ್ತರಿಸಿಕೊಂಡು ಬಂದ. ಒಂದು ಕಡೆ ಬೋಳು, ಒಂದು ಕಡೆ ಕೂದಲು. ಮಕ್ಕಳೆಲ್ಲ ನಕ್ಕರು. ನಾನು ಅವನನ್ನೇ ಬೈದೆ, "ನೆಟ್ಟಗೆ ಕತ್ತರಿಸಿಕೊಂಡು ಬರೋಕೆ ಆಗಲ್ವಾ?" ಅಂತ. ಹುಡುಗ ತಲೆ ಬಗ್ಗಿಸಿ ನಿಂತ. ಒಂದು ಮಾತೂ ಆಡಲಿಲ್ಲ. ಅವರಪ್ಪ ಮನೆಯಂಗಳದಲ್ಲಿ ಕೂರಿಸಿಕೊಂಡು ಕತ್ತರಿಯಿಂದ ಕತ್ತರಿಸಿದ್ದು ಅಂತ ತಿಂಗಳು ಕಳೆದ ಮೇಲೆ ಗೊತ್ತಾಯಿತು. ಊರ ಅಂಗಡಿಯಲ್ಲಿ ಅವರನ್ನು ಒಳಗೆ ಬಿಡುತ್ತಿರಲಿಲ್ಲ. ನನಗೆ ಕೇಳಬೇಕು ಅಂತಲೂ ಹೊಳೆದಿರಲಿಲ್ಲ. ಆ ಹುಡುಗನ ಹತ್ತಿರ ನಾನು ತಪ್ಪಾಯಿತು ಅಂತ ಹೇಳಲೇ ಇಲ್ಲ, ತಮ್ಮಾ. ಟಾಕೀಸಿನ ಕತ್ತಲಲ್ಲಿ ಕೂತಾಗ ಅವನ ಬಗ್ಗಿದ ತಲೆ ಕಣ್ಣ ಮುಂದೆ ಬಂತು.

ಅದೇ ಕಥೆಯನ್ನು ಪರದೆಯ ಹುಡುಗ ಬೇರೆ ಯಾವುದೋ ಊರಿನ ಕನ್ನಡದಲ್ಲಿ ಹೇಳಿದ್ದರೆ ನನಗೆ ಅಯ್ಯೋ ಪಾಪ ಅನ್ನಿಸುತ್ತಿತ್ತು, ಅಷ್ಟೇ. ನಮ್ಮ ಕಡೆಯ ಮಾತಲ್ಲಿ ಬಂದದ್ದಕ್ಕೆ ಅದು ನನ್ನ ತರಗತಿಗೇ ಬಂದು ನಿಂತಿತು.

ನೀನು ಹುಟ್ಟುವ ಮೊದಲಿನಿಂದ ನಾನು ಸಿನಿಮಾ ನೋಡುತ್ತಾ ಬಂದಿದ್ದೇನೆ. ಟೂರಿಂಗ್ ಟಾಕೀಸಿನ ಟೆಂಟಿನಲ್ಲಿ ನೆಲದ ಮೇಲೆ ಕೂತು ನೋಡಿದವಳು ನಾನು. ಎಷ್ಟೋ ವರ್ಷ ನಮ್ಮ ಮಾತು ಪರದೆಯ ಮೇಲೆ ಬಂದದ್ದೇ ನಗಿಸಲಿಕ್ಕೆ. ಹೀರೋ ಮೈಸೂರು ಕಡೆಯ ಕನ್ನಡದಲ್ಲಿ ಪ್ರೀತಿ ಮಾಡುತ್ತಿದ್ದ, ಅಳುತ್ತಿದ್ದ. 'ಯಾಕಲೇ, ಹ್ಯಾಂಗಲೇ' ಅಂತ ಬರುವವನು ಅಡುಗೆಯವನೋ ಪೆದ್ದನೋ ಆಗಿರುತ್ತಿದ್ದ. ನಾವೂ ನಗುತ್ತಿದ್ದೆವು. ಹಾಗೆ ನಕ್ಕು ನಕ್ಕು, ನಮ್ಮ ಮಾತಲ್ಲಿ ಗಂಭೀರವಾದದ್ದು ಏನೂ ಹೇಳಲಿಕ್ಕೆ ಬರುವುದಿಲ್ಲ ಅಂತ ನಾವೇ ನಂಬಿಬಿಟ್ಟೆವು. ನೀನು ಬೆಂಗಳೂರಿಗೆ ಹೋದ ಮೊದಲ ವರ್ಷ ಫೋನಿನಲ್ಲಿ ನನ್ನ ಜೊತೆ ಮಾತಾಡುವಾಗ, ಪಕ್ಕದಲ್ಲಿ ಯಾರಾದರೂ ಬಂದರೆ ತಟ್ಟನೆ ಮಾತು ಬದಲಾಗುತ್ತಿತ್ತು. 'ಏನ್ ಮಾಡಾಕತ್ತಿ ದೊಡ್ಡವ್ವ' ಅಂತ ಶುರುವಾದದ್ದು 'ಏನ್ಮಾಡ್ತಿದೀರ' ಅಂತ ಮುಗಿಯುತ್ತಿತ್ತು. ನಾನು ಕೇಳಿಸಿಕೊಂಡೂ ಸುಮ್ನಿದ್ದೆ. ರೂಮಿನಲ್ಲಿ ಹುಡುಗರು ಆಡಿಕೊಳ್ಳುತ್ತಾರೆ ಅಂತ ನಿನ್ನ ಅವ್ವ ಹೇಳಿದ್ದಳು. ಆಗ ಹೇಳದ್ದನ್ನು ಈಗ ಹೇಳುತ್ತಿದ್ದೇನೆ. ನೀನು ಮಾತು ಬದಲಾಯಿಸಿದ್ದಕ್ಕೆ ನನಗೆ ಸಿಟ್ಟಿಲ್ಲ. ಆದರೆ ನಿನ್ನ ಸಿನಿಮಾದ ತಾಯಿ ಯಾರಿಗೆ ಹೆದರಿ ಮಾತು ಬದಲಾಯಿಸಬೇಕು?

ಈ ಪತ್ರವನ್ನು ನಾನು ಶಾಲೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ. 31 ವರ್ಷ ಬೋರ್ಡಿನ ಮೇಲೆ ಬರೆದ ಕೈ ಇದು, ಬರೆಯುವಾಗ ಹೀಗೇ ಬರುತ್ತದೆ. ಅದೂ ನನ್ನದೇ. ಬರವಣಿಗೆಗೆ ಅದು ಸರಿ. ಆದರೆ ಸಿನಿಮಾದಲ್ಲಿ ಜನ ಮಾತಾಡುತ್ತಾರೆ. ಸಂಕಟ ಬಂದಾಗ ನಾನೂ 'ಯವ್ವಾ' ಅಂತಲೇ ಕೂಗುತ್ತೇನೆ.

ಉಳಿದವನ್ನು ಬೇಗ ಹೇಳುತ್ತೇನೆ. 'ಕಾಂತಾರ'ದ ಹೊಸದನ್ನು ಅಕ್ಟೋಬರಿನಲ್ಲಿ ಮನೆಮಂದಿಯೆಲ್ಲ ಹೋಗಿ ನೋಡಿದೆವು. ದೊಡ್ಡ ಪರದೆಗೆ ತಕ್ಕ ಸಿನಿಮಾ. ಕಣ್ಣು ತುಂಬಿತು, ಮಕ್ಕಳಿಗೆ ತುಂಬಾ ಸೇರಿತು. ಟಿಕೆಟ್ 200 ರೂಪಾಯಿ ದಾಟಬಾರದು ಅಂತ ಸರ್ಕಾರ ಸೆಪ್ಟೆಂಬರಿನಲ್ಲಿ ಆದೇಶ ಮಾಡಿತ್ತು, ಹೈಕೋರ್ಟು ತಡೆ ಕೊಟ್ಟಿತು. ಆ ಆದೇಶ ನಿಲ್ಲಬೇಕಿತ್ತು ಅಂತ ನನ್ನ ಅಭಿಪ್ರಾಯ. ನಾಲ್ಕು ಮಂದಿಯ ಮನೆಯವರು ಒಟ್ಟಿಗೆ ಹೋಗಲು ಆಗದಿದ್ದರೆ ಟಾಕೀಸು ಯಾರಿಗೆ?

'ಮಿಥ್ಯ' ನನಗೆ ಟಾಕೀಸಿನಲ್ಲಿ ಸಿಗಲಿಲ್ಲ, ಮನೆಯಲ್ಲಿ ನೋಡಿದೆ. ಸುಮಂತ್ ಭಟ್ ಅವರದು. ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಹುಡುಗ ಮುಂಬೈ ಬಿಟ್ಟು ಉಡುಪಿಗೆ ಚಿಕ್ಕಮ್ಮನ ಮನೆಗೆ ಬರುತ್ತಾನೆ. ಆ ಹುಡುಗ ಅತೀಶ್ ಶೆಟ್ಟಿ ಮಾತಾಡುವುದಕ್ಕಿಂತ ಸುಮ್ಮನಿರುವುದೇ ಜಾಸ್ತಿ. ನಿನ್ನ ಚಿತ್ರಕಥೆಯಲ್ಲಿ ಮಗ ಮೂರನೇ ಪುಟದಲ್ಲಿ ತನ್ನ ದುಃಖವನ್ನು ಉದ್ದಕ್ಕೆ ವಿವರಿಸುತ್ತಾನೆ. ಹತ್ತು ವರ್ಷದ ಹುಡುಗರು ಹಾಗೆ ವಿವರಿಸುವುದಿಲ್ಲ. ನಾನು ಸಾವಿರಾರು ಮಕ್ಕಳನ್ನು ನೋಡಿದ್ದೇನೆ. ಅವರು ಚಡ್ಡಿಯ ದಾರ ಹಿಡಿದು ತಿರುವುತ್ತಾ ನಿಲ್ಲುತ್ತಾರೆ. ಆ ಪುಟವನ್ನು ಪೂರ್ತಿ ಹೊಡೆದು ಹಾಕಿದ್ದೇನೆ.

ಹಿಂದಿಯಲ್ಲಿ 'ಹೋಂಬೌಂಡ್' ನೋಡು. ನೀರಜ್ ಘಾಯ್ವಾನ್ ಮಾಡಿದ್ದು, ನಮ್ಮ ದೇಶದಿಂದ ಆಸ್ಕರ್‌ಗೆ ಕಳಿಸಿದ್ದು ಅದನ್ನೇ. ಪೊಲೀಸ್ ಕೆಲಸಕ್ಕಾಗಿ ಕಾಯುವ ಇಬ್ಬರು ಗೆಳೆಯರು, ಒಬ್ಬ ದಲಿತ, ಒಬ್ಬ ಮುಸಲ್ಮಾನ. ಲಾಕ್‌ಡೌನಿನಲ್ಲಿ ದುಡಿಯಲು ಹೋದ ಊರಿನಿಂದ ಮನೆಗೆ ಹೊರಡುತ್ತಾರೆ. ನಡೆದ ಘಟನೆಯೇ ಅದು. ನೋಡಿದ ಮೇಲೆ 'ಫೋಟೋ'ವನ್ನು ಇನ್ನೊಂದು ಸಲ ನೋಡಿದೆ. ಉತ್ಸವ್ ಗೋನವಾರ ಮಾಡಿದ ಆ ಸಿನಿಮಾದಲ್ಲಿ ವಿಧಾನಸೌಧದ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಳ್ಳಬೇಕು ಅಂತ ಬೆಂಗಳೂರಿಗೆ ಹೋದ ನಮ್ಮ ಕಡೆಯ ಹುಡುಗ, ಲಾಕ್‌ಡೌನ್ ಆಗಿ ಊರಿನ ಕಡೆ ನಡೆಯಬೇಕಾಗುತ್ತದೆ. 2020ರಲ್ಲಿ ನಮ್ಮ ಓಣಿಗೂ ಹಾಗೆ ಕಾಲು ಬಾತು ಬಂದವರಿದ್ದರು. ನೀನು ಆಗ ಪಿಯುಸಿ. ಬಾಗಿಲ ಹೊರಗೆ ನೀರಿನ ಕೊಡ ಇಟ್ಟವನು ನೀನೇ ಅಲ್ವಾ? ಗುಳೆಯ ಬಗ್ಗೆ ಬರೆಯಲು ನಿನಗೆ ಬೇರೆ ಯಾರ ಸಿನಿಮಾವೂ ಬೇಕಿಲ್ಲ.

ಈಗ ನಿನ್ನ ಚಿತ್ರಕಥೆಗೆ ಕೆಂಪು ಶಾಯಿ ಹಾಕಿದ ಕಡೆ.

ಬೆಂಗಳೂರಿಗೆ ಹೊರಡುವ ರಾತ್ರಿ ತಾಯಿ ಚಿತ್ರಾನ್ನ ಕಟ್ಟುತ್ತಾಳೆ ಅಂತ ಬರೆದಿದ್ದೀ. ಗುಳೆ ಹೋಗುವವರು ಚಿತ್ರಾನ್ನ ಕಟ್ಟುತ್ತಾರಾ? ಮರುದಿನಕ್ಕೆ ಹಳಸುತ್ತದೆ. ಎರಡು ದಿನ ಮೊದಲೇ ಕಟಕ ರೊಟ್ಟಿ ಬಡಿದು ಒಣಗಿಸಿ, ಹಳೇ ಸೀರೆಯ ತುಂಡಿನಲ್ಲಿ ಗಂಟು ಕಟ್ಟುತ್ತಾರೆ. ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಪುಡಿ. ಹದಿನೈದು ದಿನ ಬರುತ್ತದೆ. ಆ ಗಂಟು ದಿನ ದಿನಕ್ಕೆ ಸಣ್ಣದಾಗುವುದನ್ನು ತೋರಿಸಿದರೆ ನಿನಗೆ ಅರ್ಧ ಮಾತು ಬೇಕಾಗುವುದಿಲ್ಲ.

ಬಸ್ಸಿನಲ್ಲಿ ತಾಯಿ ಟಿಕೆಟ್ಟಿಗೆ ಚಿಲ್ಲರೆ ಎಣಿಸುತ್ತಾಳೆ. 2023ರ ಜೂನಿನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಅವಳು ಕುಬುಸದೊಳಗಿಂದ ಆಧಾರ್ ಕಾರ್ಡ್ ತೆಗೆದು ತೋರಿಸುತ್ತಾಳೆ. ಚಿಲ್ಲರೆ ಎಣಿಸುವವನು ಗಂಡ. ಇದರಲ್ಲೇ ಎಷ್ಟು ಕಥೆ ಇದೆ ನೋಡು.

ಗದ್ದೆಯ ಮಾಲೀಕನೂ ಕೂಲಿಯವನೂ ಒಂದೇ ಥರ ಮಾತಾಡುತ್ತಾರೆ. ನಮ್ಮ ಸುತ್ತ ಎಷ್ಟು ಕ್ಯಾಂಪುಗಳಿವೆ ಅಂತ ನಿನಗೆ ಗೊತ್ತಿಲ್ವಾ? ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದು ನೆಲೆಸಿದವರು ಇದ್ದಾರೆ, ಬಂಗಾಳಿಗಳ ಕ್ಯಾಂಪುಗಳಿವೆ. ಮಾಲೀಕ ಕ್ಯಾಂಪಿನವನಾದರೆ ಅವನ ಕನ್ನಡದಲ್ಲಿ ತೆಲುಗು ಇಣುಕುತ್ತದೆ. ಕೂಲಿಯವನು ಅವನಿಗೆ ಅರ್ಧ ತೆಲುಗಿನಲ್ಲೇ ಉತ್ತರ ಕೊಡುತ್ತಾನೆ. ಇದು ಸಂತೆಯಲ್ಲಿ ದಿನಾ ಕೇಳುವ ಮಾತು. ಕ್ಯಾಮೆರಾ ಬಿಟ್ಟು ಮೊದಲು ಫೋನಿನಲ್ಲಿ ಬರೀ ಮಾತು ರೆಕಾರ್ಡ್ ಮಾಡಿಕೋ. ಕೇಳಿ, ಅವರ ಒಪ್ಪಿಗೆ ತಗೊಂಡು ಮಾಡು.

ಬೆಂಗಳೂರಿನವರಿಗೆ ಅರ್ಥ ಆಗಲ್ಲ ಅಂತ ನಿನ್ನ ಗೆಳೆಯರು ಹೇಳುತ್ತಾರಂತೆ. 'ಸು ಫ್ರಮ್ ಸೋ' ನಮಗೆ ಅರ್ಥ ಆಯಿತಲ್ಲ! ಕರಾವಳಿಯ ಮಾತನ್ನು ನಾವು ಕಿವಿಗೊಟ್ಟು ಕೇಳಿದ ಹಾಗೆ ನಮ್ಮ ಮಾತನ್ನೂ ಅವರು ಕೇಳಲಿ. ಅಷ್ಟು ಕೇಳಿಕೊಳ್ಳುವ ಹಕ್ಕು ನಮಗಿದೆ.

ಚಿತ್ರಕಥೆಯನ್ನು ಅಂಚೆಯಲ್ಲಿ ಹಾಕಿದ್ದೇನೆ. ಪುಟ ಪುಟಕ್ಕೂ ಕೆಂಪು ಇದೆ, ಬೇಜಾರು ಮಾಡಿಕೊಳ್ಳಬೇಡ. ಏಳನೇ ಪುಟದಲ್ಲಿ ಒಂದು ಕಡೆ ಮಾತ್ರ ಪೆನ್ನು ಮುಟ್ಟಿಸಿಲ್ಲ. ಬಸ್ಸು ಹೊರಟಾಗ ಮುದುಕಿ ಕಿಟಕಿಯ ಸರಳು ಹಿಡಿದು ನಾಲ್ಕು ಹೆಜ್ಜೆ ಜೊತೆಗೆ ನಡೆಯುತ್ತಾಳಲ್ಲ, "ಸಾವಕಾಶ ಹೋಗ್ರೆಪಾ, ಮುಟ್ಟಿದ ಮ್ಯಾಲ ಫೋನ್ ಹಚ್ರಿ" ಅಂತ. ಅದು ನಿನ್ನ ಅಜ್ಜಿಯ ಮಾತು. ನಿನಗೆ ಗೊತ್ತಿಲ್ಲದೇ ಬಂದುಬಿಟ್ಟಿದೆ. ನಾನು ಅದನ್ನು ಜೋರಾಗಿ ಓದಿದಾಗ ಅಡುಗೆಮನೆಯಲ್ಲಿದ್ದ ನಿನ್ನ ಅವ್ವ ಕೈಕೆಲಸ ಬಿಟ್ಟು ಹೊರಗೆ ಬಂದಳು.

ಆ ಸಾಲಿನಿಂದ ಮತ್ತೆ ಬರೆಯಲು ಶುರು ಮಾಡು. ಮುಗಿದ ಮೇಲೆ ಮೊದಲು ನನಗೆ ಕಳಿಸು.

ನಿನ್ನ
ದೊಡ್ಡವ್ವ