ಹುಳುಗಳಿಗೂ ಒಂದು ನಮಸ್ಕಾರ

ನನ್ನ ಬಲಗಾಲು ಉಳಿದಿದೆ. ಹಿಮ್ಮಡಿಯ ಹುಣ್ಣು ಪೂರ್ತಿ ಮುಚ್ಚಿ ಹೊಸ ಚರ್ಮ ಬಂದಿದೆ. ಕಷ್ಟಕಾಲದಲ್ಲಿ ವಿಚಾರಿಸಿಕೊಂಡ ಎಲ್ಲರಿಗೂ ಮೊದಲು ಈ ಸುದ್ದಿ ಮುಟ್ಟಲಿ.

ಮಧುಮೇಹ ಪಾದದ ನರಗಳನ್ನು ಮಂದಗೊಳಿಸಿತ್ತು. ಹುಣ್ಣು ಆಳಕ್ಕಿಳಿದರೂ ನೋವೇ ಇರಲಿಲ್ಲ. ಪಾದ ತೆಗೆಯುವ ಮಾತು ಎದ್ದಾಗ, ‘ಅದಕ್ಕೆ ಮೊದಲು, ಸತ್ತ ಮಾಂಸ ತೆಗೆಯಲು ಗಾಯದೊಳಗೆ ಹುಳು ಬಿಟ್ಟು ನೋಡೋಣ’ ಎಂದ ಶಸ್ತ್ರವೈದ್ಯರಿಗೆ ನಾನು ಋಣಿ. ‘ಹುಳು ಬೀಳಲಿ’ ಎಂಬ ಶಾಪ ಕೇಳಿ ಬೆಳೆದವನು ದುಡ್ಡು ಕೊಟ್ಟು ಮೈಗೆ ಹುಳು ಬಿಟ್ಟುಕೊಳ್ಳುವುದೇ ಎಂದೆ! ವೈದ್ಯರು ನಗಲಿಲ್ಲ. ಮೊದಲ ಮಹಾಯುದ್ಧದಲ್ಲಿ ದಿನಗಟ್ಟಲೆ ರಣರಂಗದಲ್ಲೇ ಬಿದ್ದಿದ್ದ ಸೈನಿಕರ ಹುಳುಬಿದ್ದ ಗಾಯಗಳು ಒಳಗೆ ಶುಚಿಯಾಗಿದ್ದುದನ್ನು ಕಂಡು ಬೆರಗಾದ ವಿಲಿಯಂ ಬೇರ್ ಎಂಬ ವೈದ್ಯರ ಕಥೆ ಹೇಳಿದರು. 2004ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಹುಳುಗಳಿಗೆ ವೈದ್ಯಕೀಯ ಸಾಧನವೆಂದು ಅನುಮತಿ ಕೊಟ್ಟಿದೆಯಂತೆ. ಪಾದಕ್ಕೆ ರಕ್ತ ಹರಿಯುತ್ತಿದೆಯೇ ಎಂದು ಪರೀಕ್ಷಿಸಿದ ಮೇಲೆಯೇ ಮುಂದುವರಿದರು. ರಕ್ತ ಹೋಗದ ಕಾಲನ್ನು ಹುಳು ಉಳಿಸಲಾರದು ಎಂದು ಮುಚ್ಚುಮರೆಯಿಲ್ಲದೆ ಹೇಳಿದರು.

ಎಲ್ಲರಿಗಿಂತ ದೊಡ್ಡ ಋಣ ಡ್ರೆಸ್ಸಿಂಗ್ ಮಾಡಿದ ದಾದಿಯದು. ಪ್ರಯೋಗಾಲಯದಲ್ಲಿ ಸೋಂಕಿಲ್ಲದಂತೆ ಬೆಳೆಸಿದ ಹಸಿರು ನೊಣದ ಮರಿಗಳು, ಒಂದೆರಡು ಮಿಲಿಮೀಟರ್ ಉದ್ದ. ಚದರ ಸೆಂಟಿಮೀಟರಿಗೆ ಐದರಿಂದ ಹತ್ತರ ಲೆಕ್ಕದಲ್ಲಿ ಅವನ್ನು ಗಾಯದೊಳಗೆ ಬಿಟ್ಟು, ಸುತ್ತಲಿನ ಚರ್ಮ ಕೆಡದಂತೆ ಪಟ್ಟಿ ಹಚ್ಚಿ, ಮೇಲೆ ಉಸಿರಾಡುವ ಬಲೆ ಹೊದಿಸಿದರು. ಹುಳುಗಳು ಉಗುಳುವ ರಸ ಸತ್ತ ಮಾಂಸವನ್ನು ಕರಗಿಸುತ್ತದೆ, ಕರಗಿದ್ದನ್ನು ಅವು ಹೀರುತ್ತವೆ. ಜೀವಂತ ಮಾಂಸದ ಗೊಡವೆಗೆ ಹೋಗುವುದಿಲ್ಲ. ಹೊರಗೆ ಸೋರುತ್ತಿದ್ದ ಕಂದು ನೀರು, ಅದರ ವಾಸನೆ ನನಗೇ ಸಹಿಸಲಾಗುತ್ತಿರಲಿಲ್ಲ. ಆಕೆ ಮುಖ ಸಿಂಡರಿಸದೆ ಹೊರಬಟ್ಟೆ ಬದಲಿಸುತ್ತಿದ್ದರು. ಎರಡು ಮೂರು ದಿನಕ್ಕೊಮ್ಮೆ ಬಲೆ ಬಿಚ್ಚಿ, ಸೆಂಟಿಮೀಟರ್ ಉದ್ದಕ್ಕೆ ಕೊಬ್ಬಿದ ಹುಳುಗಳನ್ನು ತೊಳೆದು ತೆಗೆಯುತ್ತಿದ್ದರು. ಬೂದು ಲೋಳೆ ಮೆತ್ತಿದ್ದ ಕಡೆ ಕೆಂಪು ಮಾಂಸ ಚಿಗುರಿದ್ದನ್ನು ಕನ್ನಡಿ ಹಿಡಿದು ತೋರಿಸಿದವರೂ ಅವರೇ.

ಹುಳುಗಳ ಕೆಲಸ ಅಲ್ಲಿಗೆ ಮುಗಿಯಿತು. ಗಾಯ ಮುಚ್ಚಿದ್ದು ಹಿಮ್ಮಡಿಗೆ ಭಾರ ಬೀಳದಂತೆ ಪಾದರಕ್ಷೆ ಮಾಡಿಕೊಟ್ಟವರಿಂದ, ಸಕ್ಕರೆಯ ಮಟ್ಟ ಏರದಂತೆ ನನ್ನ ಮೇಲೆ ಕಣ್ಣಿಟ್ಟ ಹೆಂಡತಿಯಿಂದ. ಹುಳುಗಳಿದ್ದ ಕಾಲಿನ ಪಕ್ಕದಲ್ಲೇ ಅವಳು ನಿಶ್ಚಿಂತೆಯಿಂದ ಮಲಗುತ್ತಿದ್ದಳು. ನಿದ್ದೆ ಬಾರದಿದ್ದುದು ನನಗೆ.

ಈ ಚಿಕಿತ್ಸೆಯ ಬಗ್ಗೆ ಕೇಳುವುದಿದ್ದರೆ ಸಂಕೋಚವಿಲ್ಲದೆ ಕೇಳಿ. ಊಟದ ಹೊತ್ತಿನಲ್ಲಿ ಮಾತ್ರ ಬೇಡ, ಅದು ಹೆಂಡತಿಯ ಆಜ್ಞೆ.