ಕೆಜಿಎಫ್‌ನ 13 ಸೈನೈಡ್ ದಿಬ್ಬಗಳು: ಯಂತ್ರ ಇಳಿಸುವ ಮೊದಲು ಕೊರೆದು ನೋಡಿ

ಕೇಂದ್ರ ಗಣಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯರೇ,

ಕೆಜಿಎಫ್‌ನ 13 ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಸಾವಿರ ಎಕರೆಗೂ ಮಿಕ್ಕಿದ ಜಾಗ, ಗಣಿಯ ಕಲ್ಲನ್ನು ಅರೆದು ಸೈನೈಡ್ ದ್ರಾವಣದಿಂದ ಚಿನ್ನ ತೆಗೆದ ಮೇಲೆ ಉಳಿದ ಸುಮಾರು 3.3 ಕೋಟಿ ಟನ್ ಪುಡಿ. ಅದೆಲ್ಲ ಒಂದೇ ಬಗೆಯದೆಂದು ಲೆಕ್ಕ ಹಾಕಿದರೆ ಹಣವೂ ಹೋಗುತ್ತದೆ, ಕೆಳಗಿನ ನೀರೂ ಕೆಡುತ್ತದೆ.

ಕೋಲಾರದ ಶಿಸ್ಟ್ (ಪದರಪದರವಾದ ರೂಪಾಂತರ ಶಿಲೆ) ಪಟ್ಟಿ ತೆಂಕಣದಿಂದ ಬಡಗಣಕ್ಕೆ ಸುಮಾರು 80 ಕಿ.ಮೀ. ಉದ್ದ, ಅಗಲ ಕೆಲವೇ ಕಿ.ಮೀ. ಸುಮಾರು 270 ಕೋಟಿ ವರ್ಷಗಳ ಹಿಂದಿನ ಬಸಾಲ್ಟ್ ಲಾವಾ ಒತ್ತಡಕ್ಕೂ ಕಾವಿಗೂ ಸಿಕ್ಕಿ ಕರಿ ಹಾರ್ನ್‌ಬ್ಲೆಂಡ್ ಶಿಸ್ಟ್ ಆಗಿದೆ. ಅದರೊಳಗೆ ಚಿನ್ನ ಎರಡು ಬಗೆಯಲ್ಲಿ ಕೂತಿತ್ತು. ಪೂರ್ವದ ಚಾಂಪಿಯನ್ ಲೋಡ್ (ಲೋಡ್ ಎಂದರೆ ಕಲ್ಲಿನೊಳಗಿನ ಚಿನ್ನದ ಎಳೆ) ಬೆಣಚುಕಲ್ಲಿನದು. ಅಲ್ಲಿ ಸಲ್ಫೈಡ್, ಅಂದರೆ ಗಂಧಕ ಬೆರೆತ ಖನಿಜ, ಕಡಿಮೆ, ಚಿನ್ನ ಬಿಡಿ ಕಣಗಳಾಗಿ ಸಿಗುತ್ತಿತ್ತು, ಒಂದಿಷ್ಟು ಬೆಳ್ಳಿಯೂ ಅದರಲ್ಲೇ ಬೆರೆತಿತ್ತು. ಪಶ್ಚಿಮದ ಮ್ಯಾಕ್‌ಟಾಗರ್ಟ್ ಲೋಡ್‌ಗಳಲ್ಲಿ ಪಿರೊಟೈಟ್, ಆರ್ಸೆನೊಪೈರೈಟ್‌ನಂಥ ಸಲ್ಫೈಡ್‌ಗಳು ಹೆಚ್ಚು. ಯಾವ ಲೋಡಿನ ಕಲ್ಲು ಯಾವ ಗಿರಣಿಗೆ, ಯಾವ ಕಾಲದಲ್ಲಿ ಹೋಯಿತು ಎಂಬುದರ ಮೇಲೆ ದಿಬ್ಬದ ಗುಣ ನಿಂತಿದೆ. ಭಾರದ ಒನಕೆಗಳಿಂದ ಕಲ್ಲು ಕುಟ್ಟುವ ಹಳೆಯ ಸ್ಟ್ಯಾಂಪ್ ಗಿರಣಿಗಳ ಕಾಲದ ಮರಳು ದಪ್ಪ. ಕಣದೊಳಗೆ ಸಿಕ್ಕಿಬಿದ್ದ ಚಿನ್ನಕ್ಕೆ ಸೈನೈಡ್ ತಾಗಿಯೇ ಇಲ್ಲ, ಮತ್ತೆ ಅರೆಯದೆ ಅದು ಬಿಡುವುದೂ ಇಲ್ಲ. ಆ ಕಾಲದಲ್ಲಿ ಪಾದರಸವನ್ನೂ ಬಳಸುತ್ತಿದ್ದರು, ಅದಕ್ಕೂ ಪರೀಕ್ಷೆ ಬೇಕು.

ಟನ್ನಿಗೆ ಸರಾಸರಿ 0.7 ಗ್ರಾಂ ಎಂದಿಟ್ಟುಕೊಳ್ಳಿ, 3.3 ಕೋಟಿ ಟನ್ನಿಗೆ 23 ಟನ್ ಚಿನ್ನ. ಸರಾಸರಿಯಲ್ಲಿ ಬರೀ 0.1 ಗ್ರಾಂ ತಪ್ಪಿದರೆ 3.3 ಟನ್ ಕಾಗದದ ಮೇಲೇ ಉಳಿಯುತ್ತದೆ. ಇದೂ ದಿಬ್ಬದಲ್ಲಿರುವ ಚಿನ್ನ, ಕೈಗೆ ಬರುವುದಲ್ಲ. ಅದರಲ್ಲಿ ನೂರಕ್ಕೆ 60ರಷ್ಟು ಕೈಗೆ ಬಂದರೆ 14 ಟನ್ ಕೂಡ ಪೂರ್ತಿ ಆಗುವುದಿಲ್ಲ. ಸುದ್ದಿಯಲ್ಲಿ ಬರುವುದು ಮಾತ್ರ ಯಾವಾಗಲೂ ಮೊದಲ ಅಂಕಿ.

ಆದ್ದರಿಂದ ಮಾದರಿ ತೆಗೆಯುವ ಕ್ರಮವೇ ಮುಖ್ಯ. ದಿಬ್ಬದ ಮೈಮೇಲಿಂದ ಬಾಚಿದ ಮಣ್ಣು ಲೆಕ್ಕಕ್ಕಿಲ್ಲ. ಅದು ನೂರು ಮಳೆಗಾಲ ಕಂಡ ತೊಗಟೆ. ಚೌಕುಳಿಯಾಗಿ ಗುರುತು ಹಾಕಿ, ಮೇಲಿನಿಂದ ಮೂಲ ನೆಲ ತಾಗಿ ಇನ್ನೊಂದು ಮೀಟರ್ ಇಳಿಯುವವರೆಗೆ ಕೊರೆಯಬೇಕು, ಮೀಟರಿಗೊಂದು ಮಾದರಿ. ಕರಗಿದ ಚಿನ್ನ ತಳಕ್ಕೆ ಇಳಿದಿರಬಹುದು, ಆರ್ಸೆನಿಕ್ ಕೂಡ. ನೀರಿನೊಡನೆ ಹರಿಸಿದ ಕಡೆ ದಪ್ಪ ಮರಳು ಹರಿವಿನ ಬಾಯಿಯ ಹತ್ತಿರ ನಿಂತು, ನುಣುಪು ಕೆಸರು ದೂರ ಹೋಗಿ ಕೂತಿರುತ್ತದೆ; ಇವೆರಡನ್ನು ಬೆರೆಸದೆ ಅಳೆಯಬೇಕು. ಹಸಿ ಕೆಸರಿನಲ್ಲಿ ಬರೀ ಆಗರ್ (ತಿರುಪಿನ ಕೊರೆಗೋಲು) ಇಳಿಸಿದರೆ ಗೋಡೆ ಕುಸಿದು ಮೇಲಿನ ಮಣ್ಣು ಕೆಳಗಿನ ಮಾದರಿಗೆ ಸೇರುತ್ತದೆ. ಕೇಸಿಂಗ್ (ಗೋಡೆ ಕುಸಿಯದಂತೆ ತಡೆಯುವ ಕೊಳವೆ) ಹಾಕಿಯೇ ಕೊರೆಯಬೇಕು. ತೂಕ ಒಣ ತೂಕವೇ ಆಗಿರಬೇಕು, ಶೇ 15ರಷ್ಟು ನೀರನ್ನು ಅದಿರೆಂದು ಎಣಿಸಿದ ಲೆಕ್ಕ ಬ್ಯಾಂಕಿನಲ್ಲಿ ನಿಲ್ಲುವುದಿಲ್ಲ.

ಪಿರೊಟೈಟ್ ಇರುವ ದಿಬ್ಬದ ಕಷ್ಟವೇ ಬೇರೆ. ಅದು ಸೈನೈಡನ್ನೂ ಆಮ್ಲಜನಕವನ್ನೂ ನುಂಗಿ, ಚಿನ್ನಕ್ಕೆ ಏನೂ ಉಳಿಸುವುದಿಲ್ಲ. ಮೊದಲು ಸುಣ್ಣ ಹಾಕಿ ಗಾಳಿ ಊದಬೇಕು. ಗಾಳಿ ಮಳೆಗೆ ಆಮ್ಲೀಯವಾದ ಮಣ್ಣು ಸುಣ್ಣವನ್ನು ಅಂದಾಜಿಗಿಂತ ಹೆಚ್ಚು ಕೇಳುತ್ತದೆ. ಅಲ್ಲಿ ಜಿಪುಣತನ ಮಾಡಿ ಪಿಎಚ್ 10ಕ್ಕಿಂತ ಕೆಳಗಿಳಿದರೆ ಸೈನೈಡ್ ವಿಷಾನಿಲವಾಗಿ ಏಳುತ್ತದೆ. 10.5ರ ಮೇಲೇ ಇಡಬೇಕು, ಅಳೆಯುವ ಮೀಟರ್ ಎರಡಿರಬೇಕು. ಆರ್ಸೆನೊಪೈರೈಟ್‌ನೊಳಗಿನ ಚಿನ್ನ ಇಷ್ಟಕ್ಕೂ ಬಗ್ಗದು.

ತೆಗೆದ ಮೇಲೆ ಪುಡಿಯನ್ನು ಎಲ್ಲಿ ಹಾಕುವುದು? ಟನ್ನಿಗೆ ಒಂದು ಗ್ರಾಂ ಕೂಡ ಕಡಿಮೆಯಾಗುವುದಿಲ್ಲ, ದಿಬ್ಬದಷ್ಟೇ ದಿಬ್ಬ ಉಳಿಯುತ್ತದೆ. ಹಳೆಯ ಶಾಫ್ಟ್‌ಗೆ ಸುರಿದರಾಯಿತು ಎಂಬ ಮಾತು ನಡೆಯದು. ಗಟ್ಟಿ ಕಲ್ಲು ಘನ ಮೀಟರಿಗೆ 2.8 ಟನ್ ಆಸುಪಾಸು ತೂಗಿದರೆ ಪುಡಿ ಸುಮಾರು 1.5 ಟನ್, ಬಂದ ಜಾಗದಲ್ಲಿ ಮತ್ತೆ ಹಿಡಿಸದು. ಕೆಲಸ ನಡೆದ ಎಷ್ಟೋ ಜಾಗಗಳಲ್ಲಿ ಆಗಲೇ ಗ್ರಾನೈಟ್ ಗೋಡೆ ತುಂಬಿದೆ, ಉಳಿದಲ್ಲಿ 2001ರಲ್ಲಿ ಗಣಿ ನಿಂತ ಮೇಲೆ ನೀರು ತುಂಬಿದೆ. ಮೂರು ಕಿ.ಮೀ. ಆಳದವರೆಗೆ ಕಲ್ಲು ಸಿಡಿತಕ್ಕೆ ಹೆಸರಾದ ಗಣಿ ಅದು. ಹಾಗಾಗಿ ಮೇಲೆಯೇ, ತಳಕ್ಕೆ ನೀರು ಇಂಗದ ಪದರ ಹಾಸಿದ ಹೊಸ ಕಟ್ಟೆ ಮೊದಲು ಸಿದ್ಧವಾಗಬೇಕು. ಅಗೆಯುವುದನ್ನು ಒಂದು ಬಾರಿಗೆ ಒಂದೇ ದಿಬ್ಬಕ್ಕೆ ಸೀಮಿತಗೊಳಿಸಿ. ಬೇಸಿಗೆಯ ಗಾಳಿಯಲ್ಲಿ ಈ ಬಿಳಿ ಧೂಳು ಏಳುವುದು ಜನ ವಾಸಿಸುವ ಲೈನುಗಳ (ಸಾಲು ಮನೆಗಳ) ಮೇಲೆ, ಅದರಲ್ಲಿರುವುದು ಶ್ವಾಸಕೋಶಕ್ಕೆ ಕೆಡುಕಾದ ನುಣುಪು ಸಿಲಿಕಾ.

ನಾವು ಕೇಳುವುದಿಷ್ಟು. ದಿಬ್ಬವಾರು ಕೊರೆತದ ಫಲಿತಾಂಶವನ್ನು ಆಳದ ಸಮೇತ ಪ್ರಕಟಿಸಿ. ಆಮ್ಲ ಹುಟ್ಟುವ, ಆರ್ಸೆನಿಕ್ ಸೋರುವ ಪರೀಕ್ಷೆಗಳನ್ನೂ ಸೇರಿಸಿ. ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್‌ನಲ್ಲಿ ಉಳಿದಿರುವ ಗಣಿ ನಕ್ಷೆ, ಗಿರಣಿ ಲೆಕ್ಕ, ಅಸ್ಸೇ (ಚಿನ್ನದ ಅಂಶ ಪರೀಕ್ಷಿಸಿದ) ಪುಸ್ತಕಗಳನ್ನು ಗೆದ್ದಲು ಹಿಡಿಯುವ ಮುಂಚೆ ಸ್ಕ್ಯಾನ್ ಮಾಡಿಸಿ. ಹೊಸ ಕಟ್ಟೆಯ ಖರ್ಚನ್ನು ಮುಂಗಡ ಠೇವಣಿಯಾಗಿ ಗುತ್ತಿಗೆದಾರರಿಂದ ಪಡೆಯಿರಿ, ಮತ್ತು ಆ ಮೊತ್ತವನ್ನು ಕರಾರಿನಲ್ಲಿ ಅಂಕಿಯಲ್ಲೇ ಬರೆಯಿರಿ.

ಇಂತಿ,
ಕೋಲಾರ ಪಟ್ಟಿಯ ಭೂವಿಜ್ಞಾನ ಬಲ್ಲ ಕೆಲವರು